ಮರಡಿ ಹೊಲದ ನಕಾಶಿ

ಪುಣೆ
ತಾ. ೧೪-೬-೧೯೫೩

ಅಕ್ಕಾ,

ಸಾಷ್ಟಾಂಗ ನಮಸ್ಕಾರ ಅಂತ ಬರೀಬೇಕಾಗಿತ್ತು. ಆದ್ರ ನೀ ಕಾಲಿಗೆ ಬಿದ್ದು ಏಳೂದರಾಗ ಅರ್ಧ ಹಾಳಿ ಹೋಗತೈತಿ ಅಂತ ಹೋದ ಸಲ ನೀನ ಬೈದಿದ್ದಿ. ಅದಕ್ಕ ಸೀದಾ ವಿಷಯಕ್ಕ ಬರತೇನಿ.

ಈ ವರ್ಷ ಕಾಲೇಜಿನಾಗ ನನಗ ಹೊಸಾ ಪಾಠ ಕೊಟ್ಟಾರ. ಟೌನ್ ಪ್ಲ್ಯಾನಿಂಗ್ ಕಲಿಯೋ ಹುಡುಗೂರಿಗೆ ಖುಲ್ಲಾ ಜಾಗಾದ ಮ್ಯಾಲ ಮನಿ ಎಲ್ಲಿ ಕೂಡಬೇಕು, ಹಾದಿ ಎಲ್ಲಿ ಹಾಯಬೇಕು, ಮಳಿನೀರು ಯಾವ ಕಡೆ ಹೋಗಬೇಕು, ಯಾವ ಗಿಡಾ ಉಳಿಸಬೇಕು, ಇದನ್ನೆಲ್ಲಾ ವಿಚಾರ ಮಾಡಿ ನಕಾಶಿ ತಗಿಯೂದು ಕಲಸಬೇಕು. ಇಷ್ಟ ದಿನಾ ಕಟ್ಟಡದ ಲೆಕ್ಕಾ ಕಲಸತಿದ್ದೆ, ಅದು ಸಸಾರಿತ್ತು. ಇದನ್ನ ಹೆಂಗ ಕಲಸಬೇಕೋ, ಖರೆ ಹೇಳತೇನಿ, ನನಗ ತಿಳೀವಲ್ದು. ಮೊದಲನೇ ದಿನಾ ಹುಡುಗೂರು ಪಟ್ಟಿ ಹಿಡದು ಸಾಲಾಗಿ ಚೌಕ ಮನಿ ತಗದು ಕೊಟ್ರು. "ಈ ನೆಲಾ ಏರೋ ಇಳಿವೋ?" ಅಂತ ಕೇಳಿದೆ. "ಹಾಳಿ ಸಪಾಟನ ಐತಲ್ರಿ" ಅಂದ್ರು. "ಇಲ್ಲಿ ಯಾರಿರತಾರ?" ಅಂದೆ. "ಐದು ಜನದ ಕುಟುಂಬ" ಅಂದ ಒಬ್ಬಾಂವ. ಹೆಸರಿಲ್ಲ, ಕುಲ ಇಲ್ಲ, ಐದ ಜನಾ ಅಂತ! ನನಗ ಸಿಟ್ಟ ಬಂದು ಎಲ್ಲಾ ಹಾಳಿ ಹೊಳ್ಳಿ ಕೊಟ್ಟೆ.

ಖರೇ ಜಾಗಾ ಇರಬೇಕು, ಖರೇ ಮಂದಿ ಇರಬೇಕು. ನಮ್ಮ ಸಾಹೇಬರು "ಜಾಗಾ ನೀವ ಆರಸ್ರಿ" ಅಂದ್ರು. ನನಗ ತಟ್ಟನ ನೆನಪಾಗಿದ್ದು ನಿಮ್ಮ ಮರಡಿ ಹೊಲಾ. ಹೊಳಿ ಬಂದಾಗ ನಿಮ್ಮ ಓಣಿಗೆ ನೀರ ಹೊಗತಾವ, ಮರಡಿ ಮಾತ್ರ ದಿಬ್ಬದ ಮ್ಯಾಲ ಒಣಗಿರತೈತಿ. ಅದರ ಮ್ಯಾಲ ನಲವತ್ತ ಮನಿ ಕೂಡಸೂದು ಅಂತ ಗೊತ್ತ ಮಾಡೇನಿ. ಜಮಖಂಡಿ ಕಚೇರಿಯಿಂದ ಸರ್ವೆ ನಕಾಶಿ ತರಸೇನಿ. ಹುಡುಗೂರು ಇವತ್ತಿನಿಂದ ಅದ ಕೆಲಸದಾಗ ಅದಾರ.

ನೀ ಒಂದೀಟ ಮರಡಿ ಮ್ಯಾಲ ತಿರುಗ್ಯಾಡಿ ಬಂದು ನನಗ ಬರಿ. ಮಳಿ ಆದ್ರ ನೀರ ಯಾವ ಕಡೆ ಓಡತಾವ? ಮಂದಿ ಎಲ್ಲಿಂದ ಹಾಯ್ತಾರ? ಗಾಳಿ ಯಾವ ಕಡೆದು? ಅಲ್ಲಿ ಮನಿ ಕಟ್ಟಿದ್ರ ಬಾಗಿಲಾ ಯಾವ ದಿಕ್ಕಿಗಿರಬೇಕು, ಒಲಿ ಎಲ್ಲಿರಬೇಕು? ಹೆಣಮಕ್ಕಳಿಗೆ ತಿಳಿದಷ್ಟು ಇದು ಪುಸ್ತಕದಾಗ ಇಲ್ಲ.

ನಿನ್ನ ಯಜಮಾನ್ರು ಗಿರಮಲ್ಲಪ್ಪ ಮಾವ ತೀರಿಕೊಂಡ ಮ್ಯಾಲ ನಿನ್ನ ಮೈದುನಾ ಹಾಲಸಿದ್ದಪ್ಪ ಮನಿ ಛಲೋ ನಡಸ್ಯಾನಂತ ಕೇಳಿ ಸಮಾಧಾನ ಆತು. ಅವಗೂ ಅವನ ಹೆಂಡತಿ ಸಾತವ್ವಗೂ ನನ್ನ ನಮಸ್ಕಾರ ಹೇಳು.

ನಿನ್ನ ತಮ್ಮ
ಧರೆಪ್ಪ

ಚಿಕ್ಕಪಡಸಲಗಿ
ತಾ. ೨-೭-೧೯೫೩

ಲೇ ಧರೆಪ್ಪಾ,

ಆಶೀರ್ವಾದ ಐತಿ, ಇಟಗೋ. ವರ್ಷಕ್ಕ ಎರಡ ಕಾರ್ಡ ಬರಿಯಾಂವ ಒಮ್ಮಿಗೇ ಇಷ್ಟದಪ್ಪ ಪಾಕೀಟ ಕಳಿಸಿದ್ರ ಯಾರರೆ ಸತ್ತಾರೇನೋ ಅಂತ ಟಪಾಲಿನಾಂವನ ಗಾಬರಿ ಆಗಿದ್ದ. ನಾ ಅಂಗಳದಾಗ ನಿಂತಕೊಂಡ ಓದಿದೆ.

ಮರಡಿ ನೋಡಿ ಬಂದೆ. ಹೊಸ್ತಲಾ ದಾಟೂದರಾಗ ಸಾತವ್ವ "ಅಲ್ಲೇನ ಕಳಕೊಂಡಿ ಯಕ್ಕಾ?" ಅಂದ್ಲು. ನೆಗೆಣ್ಣಿ ಕಣ್ಣು ಯಾವಾಗೂ ನನ್ನ ಬೆನ್ನ ಮ್ಯಾಲ. "ಕುಳ್ಳ ಆರಸಾಕ ಹೊಂಟೇನಿ" ಅಂದೆ.

ಈಗ ಕೇಳು. ನೀರ ಮೂಡಲಕ್ಕ ಓಡತಾವ, ನಮ್ಮ ಕುರಿ ದಡ್ಡಿ ಕಡೆ. ಗಾಳಿ ಪಡುವಲದ್ದು, ಆಷಾಢದಾಗ ನಿಂತ ಮನಷ್ಯಾನ್ನ ಕೆಡವತೈತಿ. ಮಂದಿ ಬೇವಿನ ಗಿಡದ ಬಾಜೂಕ ಹಾಯ್ತಾರ, ಯಾಕಂದ್ರ ಅಲ್ಲಿ ಒಂದ ಗಳಿಗಿ ಕುಂದರಾಕ ನೆರಳೈತಿ. ಬಾಗಿಲಾ ಮೂಡಲಕ್ಕಿರಲಿ. ಊರ ಕಡೆ ಮಾತ್ರ ಬ್ಯಾಡ. ಒಳಗಿಂದ ಚಿಲಕಾ ಇರಬೇಕು, ಗಟ್ಟಿದು. ಒಲಿ ಬ್ಯಾರೇನ ಇರಬೇಕು. ಇದನ್ನ ಎರಡ ಸಲಾ ಓದಕೋ: ಒಲಿ ಬ್ಯಾರೇನ ಇರಬೇಕು. ಸಣ್ಣದಾದ್ರೂ ಚಿಂತಿಲ್ಲ, ಒಂದ ಗಡಿಗಿ ಕುಂತ್ರ ಸಾಕು.

ನೀ ಇದನ್ನೆಲ್ಲಾ ಯಾಕ ಕೇಳಾಕತ್ತಿ ಅಂತ ನಾ ಕೇಳೂದಿಲ್ಲ. ಬಾಯಿಬಿಟ್ಟು ಕೇಳಿದ್ರ ಆಗೂ ಕೆಲಸಾ ಆಗೂದಿಲ್ಲ. ನಿನ್ನ ಮನಸಿನಾಗ ಇದ್ದದ್ದು ನನಗ ಮುಟ್ಟೇತಿ. ಸಣ್ಣಾಂವಿದ್ದಾಗ ನೆತ್ತಿಗೆ ಎಣ್ಣಿ ಹಚ್ಚಿ ಬೆಳಿಸಿದ್ದಕ್ಕ ಸಾರ್ಥಕ ಆತು ಅಂತ ಅನಸಾಕತ್ತೇತಿ. ಇಷ್ಟ ಸಾಕು, ಬಾಳ ಬರದ್ರ ಕಣ್ಣಾಗ ನೀರ ಬರತಾವ.

ಇಲ್ಲಿ ಎಲ್ಲಾರೂ ಆರಾಮ ಅದೇವಿ.

ನಿನ್ನಕ್ಕ
ಸಿದ್ದಕ್ಕ

ಪುಣೆ
ತಾ. ೨೬-೭-೧೯೫೩

ಅಕ್ಕಾ,

ನಿನ್ನ ಕಾಗದಾ ಅಂದ್ರ ಕಾಗದಾ! ಅದನ್ನ ನಾ ಮರಾಠಿ ಮಾಡಿ ವರ್ಗದಾಗ ಓದಿದೆ. ಹನ್ನೊಂದೂ ಹುಡುಗೂರು ಕಿವಿ ನೆಟ್ಟಗ ಮಾಡಿ ಕೇಳಿದ್ರು. ಇಡೀ ತಿಂಗಳು ನಾ ಕಲಸಾಕ ಒದ್ದಾಡಿದ್ದನ್ನ ನೀ ಎರಡ ಹಾಳ್ಯಾಗ ಕಲಸಿದಿ.

ಊರ ಕಡೆ ಬಾಗಿಲಾ ಬ್ಯಾಡ ಅಂದಿದ್ದಿ. ಅದು ಯಾಕ ಅಂತ ಹುಡುಗೂರಿಗೆ ಬಿಡಿಸಿ ಹೇಳಿದೆ: ದನಾ ಹಾಯೂವಾಗಿನ ಧೂಳು ಮನಿಯೊಳಗ ಬರಬಾರದು ಅಂತ. ಒಲಿ ಬ್ಯಾರೆ ಇರಬೇಕು ಅಂದಿದ್ದು ಹೊಗಿ ಸಲುವಾಗಿ. ಮಲಗೂ ಕ್ವಾಣಿಗೆ ಹೊಗಿ ಹೋಗಬಾರದು, ಗಾಳಿ ಪಡುವಲದ್ದು ಅಂದ್ರ ಒಲಿ ಮೂಡಲಕ್ಕಿರಬೇಕು. ಒಂದ ತಾಸು ಇದ ಪಾಠಾ ನಡೀತು. ಚಿಲಕದ ಮಾತಿಗೆ ನಕ್ಕರು, ಪ್ಲ್ಯಾನಿನಾಗ ಚಿಲಕಾ ತೋರಸೂದಿಲ್ಲಲಾ ಅಂತ.

ನಮ್ಮ ಕಡಿ ಹುಡುಗ ಒಬ್ಬನ ಅದಾನ, ಬನಹಟ್ಟಿ ನೇಕಾರರ ಮನ್ಯಾಂವ, ನಾಮದೇವ. ಕೈ ಬಾಳ ಸ್ವಚ್ಛ. ಆದ್ರ ನಲವತ್ತೂ ಮನ್ಯಾಗ ಮಗ್ಗದ ಕುಣಿ ತಗದು ತಂದಿದ್ದ. "ಅದು ಕುರುಬರ ಊರಲೇ, ಮಗ್ಗ ಯಾಕೋ?" ಅಂದೆ. "ಕಂಬಳಿ ಆಕಾಶದಾಗಿಂದ ಬೀಳತಾವೇನ್ರಿ ಸರ?" ಅಂದ.

"ಐದು ಜನದ ಕುಟುಂಬ" ಅನ್ನೂದನ್ನ ನಾ ಬಂದ್ ಮಾಡಿಸೇನಿ. ಒಂದೊಂದ ಮನ್ಯಾಗ ಖರೇ ಹೆಸರ ಬರೀರಿ, ಅವರ ಸಲುವಾಗಿ ವಿಚಾರ ಮಾಡ್ರಿ ಅಂದೇನಿ. ನಿಮ್ಮೂರ ಹೆಸರು ನೆನಪಿದ್ದಷ್ಟು ನಾನ ಹೇಳಿದೆ. ಮೂಡಲ ಮೂಲಿ ಮನಿಗೆ ನಾಮದೇವ ನಿನ್ನ ಹೆಸರ ಬರದ. ನೀ ಹೇಳಿದಂಗ ಬಾಗಿಲಾ, ನೀ ಹೇಳಿದಂಗ ಒಲಿ. ಅದರ ನೀಲಿ ಪ್ರತಿ ಒಂದು ನಿನಗ ಕಳಿಸೇನಿ. ಶಿಕ್ಕಾ ಇಲ್ಲದ ಯಾವ ನಕಾಶಿನೂ ಕಾಲೇಜಿನಿಂದ ಹೊರಗ ಬಿಡೂದಿಲ್ಲ, ಅದಕ್ಕ ಮೂಲ್ಯಾಗ ಶಿಕ್ಕಾ ಹೊಡದೇವಿ. ನೋಡಿ ತಪ್ಪಿದ್ರ ಹೇಳು.

ದೀವಳಿಗಿಗೆ ಕಾಲೇಜ ಇಪ್ಪತ್ತ ದಿನಾ ಬಂದ್. ಕುಡಚಿ ಸ್ಟೇಶನ್ನಿಗೆ ಇಳದು ಬಂದಬಿಡತೇನಿ.

ಧರೆಪ್ಪ

ಚಿಕ್ಕಪಡಸಲಗಿ
ತಾ. ೨೨-೮-೧೯೫೩

ಧರೆಪ್ಪಗ ಅಕ್ಕನ ಆಶೀರ್ವಾದ.

ನಕಾಶಿ ಮುಟ್ಟಿತು. ಹಾಲಸಿದ್ದಪ್ಪ ಅದನ್ನ ಬೀರಪ್ಪನ ಗುಡಿ ಕಟ್ಟಿ ಮ್ಯಾಲ ಹಾಸಿ, ಗಾಳಿಗೆ ಹಾರಬಾರದು ಅಂತ ನಾಕೂ ಮೂಲಿಗೆ ಕಲ್ಲ ಇಟ್ಟ. ಊರ ಅರ್ಧ ಮಂದಿ ಕೂಡಿತ್ತು. ಸಾಲಿ ಮಾಸ್ತರು ಹೆಸರ ಓದಿದ್ರು. ನನ್ನ ಹೆಸರ ಬಂದಾಗ ನಾ ಗಿಡದ ಹಿಂದ ಸರದು ನಿಂತೆ. ನನಗ ಹಂಗ್ಯಾಕ ನಾಚಿಕಿ ಬಂತೋ!

ಶಿಕ್ಕಾ ನೋಡಿ ಹಾಲಸಿದ್ದಪ್ಪ ತಲಿ ಮ್ಯಾಲಿನ ಪಟಗಾ ತಗದು ನಮಸ್ಕಾರ ಮಾಡಿದ. ಅಪ್ಪ ಜಮಖಂಡಿ ಅರಮನಿ ಲಾಯದಾಗ ಚಾಕರಿ ಮಾಡುವಾಗಿಂದು ನಿನಗ ನೆನಪಿರಬೇಕು. ಸಂಸ್ಥಾನದ ಶಿಕ್ಕಾ ಬಿದ್ದ ನಕಾಶಿ ಬಂತಂದ್ರ ಅದರ ಹಿಂದಿಂದನ ಹಾರಿ-ಗುದ್ದಲಿ ಹಿಡದ ಆಳು ಬರತಿದ್ರು. ಯಾರ ಹೆಸರೈತಿ ಅವರ ಜಾಗಾ, ಮಾತಿಲ್ಲ. ಇಲ್ಲಿ ಹಿರ್ಯಾರೆಲ್ಲಾ ಅದನ್ನ ನೆನಿಸಿ ಮಾತಾಡಿದ್ರು.

ಮಾರನೇ ದಿನಾ ಹಾಲಸಿದ್ದಪ್ಪ ಮರಡಿ ಮ್ಯಾಲ ಸುಣ್ಣದ ಗೆರಿ ಹೊಡಿಸಿದ, ನಕಾಶ್ಯಾಗ ಇದ್ದಂಗ. ಕುರಿ ದಡ್ಡಿನೂ ಗೆರಿ ಹೊರಗ ದೂರ ಸರಿಸಿದ. ನನ್ನ "ಅತ್ತಿಗೆವ್ವಾ" ಅಂತ ಕರದ. ಹಂಗ ಕರದು ಎಷ್ಟ ದಿನಾ ಆಗಿತ್ತೋ ಶಿವನ ಬಲ್ಲ.

ಒಂದ ಮಾತ ಕೇಳೂದೈತಿ. ತೊಲಿ ಬೇವಿಂದ ನಡದೀತೋ, ಇಲ್ಲಾ ಸಾಗವಾನಿ ಬೇಕೋ? ಬೇವಾದ್ರ ಮರಡಿ ಮ್ಯಾಲಿನ ಗಿಡಾನ ಐತಿ.

ಸಿದ್ದಕ್ಕ

ಪುಣೆ
ತಾ. ೧೦-೯-೧೯೫೩

ಅಕ್ಕಾ,

ಅವಸರದಾಗ ಬರಿಯಾಕತ್ತೇನಿ. ಬೇವಿನ ಗಿಡಕ್ಕ ಕೊಡ್ಲಿ ಹಚ್ಚಬ್ಯಾಡ್ರಿ! ಅದನ್ನ ಉಳಿಸಿ, ಅದರ ಸುತ್ತ ಹಾದಿ ಬಳಸೂದ ಈ ಕೆಲಸದಾಗಿನ ಜಾಣತನಾ. ಇದರ ಸಲುವಾಗಿ ನಮ್ಮ ಸಾಹೇಬರ ಕೂಡ ಜಗಳಾಡೇನಿ. ಅವರು ಹಾದಿ ಸೂಜಿ ಹಂಗ ನೆಟ್ಟಗ ಇರಬೇಕಂತಾರ. ಮಂದಿ ಕಾಲು ಎಲ್ಲಿ ಹೊಂಟಾವ ಅಲ್ಲೇ ಹಾದಿ ಇರಬೇಕಂತ ನಾ ಅಂತೇನಿ. ಹುಡುಗೂರು ಯಾರ ಮಾತ ಕೇಳಬೇಕು ತಿಳೀದ ಎರಡೂ ಥರಾ ತಗದು ಇಟ್ಟಾರ.

ಸುಣ್ಣದ ಗೆರಿ ಹೊಡಿಸಿದ್ದು ಬಾಳ ಛಲೋ ಆತು. ಹಾಲಸಿದ್ದಪ್ಪ ಮಾವಗ ಎಷ್ಟ ಉಪಕಾರ ಹೇಳಿದ್ರೂ ಕಡಿಮಿ. ಇನ್ನೊಂದ ಕೆಲಸಾ ಮಾಡಸು. ಜ್ವಾಳದ ಕಣಿಕಿ ಹೇರಿದ ಚಕ್ಕಡಿ ನಿನ್ನ ಮೂಲಿ ಮನಿ ಹಂತೇಕ ಹೊಳ್ಳಾಕ ಬರತೈತೋ ಇಲ್ಲೋ, ಹೊಡಿಸಿ ನೋಡಿ ಬರಿ. ಹಾಳಿ ಮ್ಯಾಲ ಹೊಳ್ಳಿದಂಗ ಕಾಣತೈತಿ, ನೆಲದ ಮ್ಯಾಲ ಏನೋ.

ಮತ್ತೊಂದು. ನೀ ನೀರ ಮೂಡಲಕ್ಕ ಓಡತಾವ ಅಂದಿ. ಸರ್ವೆ ನಕಾಶ್ಯಾಗಿನ ಎತ್ತರ ಹಚ್ಚಿ ನೋಡಿದ್ರ ನೆಲಾ ಪಡುವಲಕ್ಕ ಇಳದೈತಿ. ಯಾವುದ ಖರೆ? ಇದೊಂದಕ್ಕ ಇಡೀ ವರ್ಗಾ ಗೊಂದಲದಾಗ ಐತಿ.

ನನ್ನ ನೌಕರಿ ಗಟ್ಟಿ ಐತಿ, ಚಿಂತಿ ಮಾಡಬ್ಯಾಡ.

ಧರೆಪ್ಪ

ಚಿಕ್ಕಪಡಸಲಗಿ
ತಾ. ೧೨-೧೦-೧೯೫೩

ತಮ್ಮಾ,

ನೀರ ಎರಡೂ ಕಡೆ ಓಡತಾವ. ಆವತ್ತ ನಾ ಒಂದ ಕಡೆ ಮಾರಿ ಮಾಡಿ ನಿಂತ ಹೇಳಿದ್ದೆ. ಹಸ್ತಾ ಮಳಿಗೆ ನಿಂತ ನೋಡಿದೆ, ಹಂಗೂ ಓಡಿದ್ವು, ಹಿಂಗೂ ಓಡಿದ್ವು. ಚಕ್ಕಡಿ ಗಿಕ್ಕಡಿ ಯಾರದೂ ಇಲ್ಲ. ನಲವತ್ತ ಮನಿ ಅಂತೀ, ಸದ್ಯಕ್ಕ ಅಲ್ಲಿರಾಕಿ ನಾ ಒಬ್ಬಾಕಿ.

ಹೌದು, ಮರಡಿ ಮ್ಯಾಲ ಬಂದೇನಿ. ಇದನ್ನ ಮೊದಲಿಂದ ಹೇಳತೇನಿ. ಮಾನಮಿ ಅಮಾಸಿ ದಿನಾ ಹಾಲಸಿದ್ದಪ್ಪ ಬೀರಪ್ಪನ ಗುಡ್ಯಾಗ ದೇವರ ಅರಿಷಿಣ ಭಂಡಾರ ಕೈಯಾಗ ಹಿಡದು ಎಲ್ಲಾರ ಮುಂದ ಆಣಿ ಮಾಡಿ ಅಂದ: "ಮೂಡಲ ಮೂಲಿ ಅತ್ತಿಗೆವ್ವಂದು. ನಾನೂ ಕೇಳೂದಿಲ್ಲ, ನನ್ನ ಮಕ್ಕಳೂ ಕೇಳೂದಿಲ್ಲ." ಪೂಜಾರಿ ಮುದಕಪ್ಪಜ್ಜ ಅಲ್ಲಿಂದ ಸೀದಾ ಮರಡಿಗೆ ಬಂದು ಆ ಮೂಲ್ಯಾಗ ಭಂಡಾರ ಹಾರಿಸಿದ. ನೆಲಾ ಹಳದಿ ಆತು. ನಾ ಅಲ್ಲೇ ಮೊಣಕಾಲೂರಿ ಕುಂತ ಅತ್ತೆ.

ಭಂಡಾರ ಹಾರಿದ ಮ್ಯಾಲ ಮೈದುನನ ಮನ್ಯಾಗ ಇರೂದು ಛಂದ ಅಲ್ಲ ಅಂತ ನನ್ನ ಟ್ರಂಕಾ ತಂದಕೊಂಡು ಕಣಿಕಿ ಗುಡಸಲಾ ಹಾಕಸಿಕೊಂಡೇನಿ. ನಾ ಹೊಸ್ತಲಾ ದಾಟೂದ ತಡಾ, ನಾ ಮಲಗೂ ಜಾಗಾದಾಗ ಸಾತವ್ವ ಜ್ವಾಳದ ಚೀಲಾ ಇಟ್ಟಾಳ. ಇರಲಿ. ನಿನಗ ನಾ ಬರದಿರಲಿಲ್ಲ, ಈಗ ಬರೀತೇನಿ. ನಿಮ್ಮ ಮಾವ ಹೋದಾಗಿಂದ ಆ ಮನ್ಯಾಗ ನಾ ರೊಟ್ಟಿ ಬಡಿದೇನಿ ಹೊರ್ತು ನನ್ನ ಕೈಯಾರೆ ಒಂದ ರೊಟ್ಟಿ ತಗೊಂಡ ತಿಂದಿಲ್ಲ. ಅವರು ನೀಡಿದ್ರ ಉಣ್ಣೂದು, ಇಲ್ಲಾ ನೀರ ಕುಡಿಯೂದು. ಈಗ ಮೂರ ಕಲ್ಲ ಇಟ್ಟು ನಂದ ಒಲಿ ಹಚ್ಚೇನಿ.

ಹಾಲಸಿದ್ದಪ್ಪ ದಿನಾ ಕೇಳತಾನ, ಸರಕಾರದ ಮಂದಿ ಯಾವಾಗ ಬರತಾರ, ಕಲ್ಲ ಯಾವಾಗ ಬೀಳತಾವ ಅಂತ. ಕುಟುಂಬಕ್ಕೊಂದ ಮನಿ ಕೊಡತಾರ, ನನ್ನ ಕುಟುಂಬ ಬ್ಯಾರೆ ಅಂತ ಬರಸಿದ್ರ ಮನಿತನಕ್ಕ ಎರಡ ಮನಿ ಸಿಕ್ಕು ಅವಗ ಲಾಭ ಅಂತ ಲೆಕ್ಕಾ ಹಾಕ್ಯಾನ. ನನಗ ಅದು ತಿಳೀದಿಲ್ಲ ಅಂದಕೋಬ್ಯಾಡ. "ನನ್ನ ತಮ್ಮನ ಸರಕಾರದಾಗ ಅದಾನ" ಅಂತ ಹೇಳೇನಿ. ಕಲ್ಲ ಯಾವಾಗ ಬರತಾವ, ಸ್ಪಷ್ಟ ಬರಿ.

ಸಿದ್ದಕ್ಕ

ಪುಣೆ
ತಾ. ೨೦-೧೦-೧೯೫೩

ಅಕ್ಕಾ,

ಇದನ್ನ ಹೆಂಗ ಬರೀಲಿ? ಎರಡ ಸಲಾ ಬರದ ಹರದೆ.

ಕಲ್ಲ ಬರೂದಿಲ್ಲ ಅಕ್ಕಾ. ಸರಕಾರದ ಮಂದಿನೂ ಬರೂದಿಲ್ಲ. ಆ ನಕಾಶಿ ಹುಡುಗೂರು ಅಭ್ಯಾಸಕ್ಕಂತ ತಗದದ್ದು. ನಾವು ಸಾಲ್ಯಾಗಿದ್ದಾಗ ಪಾಟಿ ಮ್ಯಾಲ ಲೆಕ್ಕಾ ಮಾಡತಿದ್ದಿವಲಾ, ಒಬ್ಬ ರೈತನ ಹತ್ತರ ಇಷ್ಟ ಎತ್ತು ಇದ್ವು ಅಂತ, ಅಂಥಾದ್ದ ಇದು. ಅದಕ್ಕ ಅಂಕಾ ಕೊಡತೇವಿ. ನಿನ್ನ ಮನಿ ತಗದ ನಾಮದೇವಗ ಎಲ್ಲಾರಕಿಂತ ಹೆಚ್ಚ ಅಂಕಾ ಬಂದ್ವು. ನೀಲಿ ಹಾಳಿ ಕಪಾಟಿನಾಗ ಸೇರತೈತಿ, ಮುಂದಿನ ಪಾಠಕ್ಕ ಬ್ಯಾರೆ ಊರು, ಬ್ಯಾರೆ ಹೊಲಾ. ಆ ಶಿಕ್ಕಾ ಕಾಲೇಜಿಂದು. ಸರಕಾರದ್ದಲ್ಲ.

ನಾ ಇದನ್ನ ಯಾಕ ಹೇಳಲಿಲ್ಲ? ದೇವರಾಣಿ, ಹೇಳಬೇಕಂತ ನನಗ ಹೊಳೀಲೇ ಇಲ್ಲ. ಇಲ್ಲಿ ಎಲ್ಲಾರಿಗೂ ಅದು ಗೊತ್ತಿರೂ ಮಾತು. "ನಲವತ್ತ ಮನಿ ಕೂಡಸತೇವಿ" ಅಂತ ನಾವು ದಿನಾ ಅಂತೇವಿ. ಖರೇ ಮನಷ್ಯಾರ ಸಲುವಾಗಿ ನಕಾಶಿ ತಗೀರಿ ಅಂತ ಹುಡುಗೂರಿಗೆ ಹೊಡದು ಬಡದು ಕಲಿಸಿದೆ. ಆ ಖರೇ ಮನಷ್ಯಾಕಿ ಕಾಗದಾ ಓದತಾಳ ಅನ್ನೂದ ಮರತೆ.

ಒಲಿ ಬ್ಯಾರೆ ಅಂದಿದ್ದು ಯಾಕ ಅಂತ ಈಗ ತಿಳೀತು. ನಾ ಅದಕ್ಕ ಹೊಗಿ ಅಂದೆ. ನಾಚಿಕಿ ಆಗಾಕತ್ತೇತಿ ಅಕ್ಕಾ, ಅಳೂನೂ ಬರಾಕತ್ತೇತಿ.

ಇನ್ನೊಂದನ್ನೂ ಹೇಳತೇನಿ. ನೌಕರಿ ಗಟ್ಟಿ ಐತಿ ಅಂದಿದ್ದು ಸುಳ್ಳು. ಮಾರ್ಚಿನ ತನಕಾ ಅಷ್ಟ, ಮುಂದಿನದು ಸಾಹೇಬರ ಕೈಯಾಗ. ಅವರ ಕೂಡ ನನ್ನ ಸಂಬಂಧ ಹೆಂಗೈತಿ ಅಂತ ನಿನಗ ಗೊತ್ತ.

ಹೊಳ್ಳಿ ಆ ಮನಿಗೆ ಹೋಗಾಕ ಆಗೂದಿಲ್ಲ ಅಂದ್ರ ಇಲ್ಲಿ ಬಾ. ನಂದು ಒಂದ ಖೋಲಿ. ಹೆಂಗರೆ ಮಾಡಿ ಇರೂನು. ಭಂಡಾರದ ಮ್ಯಾಲ ಆಗಿದ್ದಕ್ಕ ಏನ ಮಾಡಬೇಕೋ ನನಗ ಒಂದೂ ತಿಳೀವಲ್ದು. ಹಾಲಸಿದ್ದಪ್ಪ ಮಾವಗ ನಾನ ಬರದ ತಿಳಿಸಲಿ ಏನು? ನೀ ಹ್ಯಾಂಗ ಹೇಳತಿ ಹಂಗ ಮಾಡತೇನಿ.

ನಿನ್ನ
ಧರೆಪ್ಪ

ಪುಣೆ
ತಾ. ೨೮-೧೧-೧೯೫೩

ಅಕ್ಕಾ,

ಇದು ಖುಲ್ಲಾ ಕಾರ್ಡ, ಯಾರಾದ್ರೂ ಓದತಾರ ಅಂತ ಬಿಡಿಸಿ ಬರಿಯೂದಿಲ್ಲ. ನನ್ನ ಪಾಕೀಟ ಮುಟ್ಟೇತೋ ಇಲ್ಲೋ? ನೀ ಉತ್ತರ ಬರೀದ ಇರಾಕಿ ಅಲ್ಲ. ದೀವಳಿಗಿಗೆ ಬರಬೇಕಂದಿದ್ದೆ, ರಜಾ ಸಿಗಲಿಲ್ಲ. ಹುಡುಗೂರಿಗೆ ಈಗ ಮುಧೋಳ ಪ್ಯಾಟಿ ಓಣಿ ಕೊಟ್ಟೇನಿ. ಅವರು ಪಟ್ಟಿ ಇಟ್ಟು ಒಂದ ಗೆರಿ ಎಳದ್ರ ಸಾಕು, "ಇದನ್ನ ಯಾರಿಗೆ ಹೇಳಿದ್ರೀ? ಅವರೇನ ತಿಳಕೊಂಡ್ರು?" ಅಂತ ಬೆನ್ನ ಹತ್ತತೇನಿ. ನಮ್ಮ ಸರ್‌ಗ ಏನೋ ಆಗೇತಿ ಅಂತ ಮಾತಾಡಾಕತ್ತಾರ. ಖರೇನ ಆಗೇತಿ. ಒಂದ ಸಾಲ ಆದ್ರೂ ಬರಿ. ಬೈದ್ರೂ ಅಡ್ಡಿಯಿಲ್ಲ.

ಧರೆಪ್ಪ

ಚಿಕ್ಕಪಡಸಲಗಿ
ತಾ. ೧೧-೧-೧೯೫೪

ಧರೆಪ್ಪಾ,

ಪಾಕೀಟೂ ಮುಟ್ಟಿತು, ಕಾರ್ಡೂ ಮುಟ್ಟಿತು. ಬರೀಲಿಲ್ಲ, ಯಾಕಂದ್ರ ಬೈಗಳಾ ಬಿಟ್ರ ಬ್ಯಾರೆ ಏನೂ ಕೈಯಾಗ ಬರತಿರಲಿಲ್ಲ. ರಜಾ ಸಿಗಲಿಲ್ಲಂತ! ದೀವಳಿಗಿಗೆ ಇಪ್ಪತ್ತ ದಿನಾ ಬಂದ್ ಅಂತ ನೀನ ಬರದಿದ್ದಿ. ನನ್ನ ಮಾರಿ ನೋಡಾಕ ಅಂಜಿದೆ ಅನ್ನು. ನಾ ಏನ ಹುಲಿ ಏನಲೇ?

ನಿನ್ನ ಕಾಗದಾ ಮೊದಲ ಓದಿದಾಗ ನನಗ ತಿಳೀಲೇ ಇಲ್ಲ. ಮನಿಗೆ ಅಂಕಾ ಯಾಕ ಕೊಡತಾರ ಅಂತ ಯೋಚನಿ ಮಾಡಕೋತ ಕುಂತೆ. ಮತ್ತೊಮ್ಮೆ ಓದಿದಾಗ ತಿಳೀತು, ಕಾಗದಾ ಮಡಚಿ ಟ್ರಂಕಿನ ತಳಕ್ಕ ಇಟ್ಟೆ. ಮನಿ ಇಲ್ಲಂತ ಅತ್ತಿಲ್ಲ. ನಾ ಯಾರ ಮುಂದೂ ಬಾಯಿಬಿಡದ ಇದ್ದದ್ದನ್ನ ನಿನಗ ಬರದ್ರ, ನೀ ಅದನ್ನ ಗಂಡಹುಡುಗೂರ ಮುಂದ ಓದಿ ಧೂಳು, ಹೊಗಿ ಅಂದಿ. ಅದಕ್ಕ ಅತ್ತೆ.

ಆಮ್ಯಾಲ ಏನ ಮಾಡಿದೆ ಗೊತ್ತೇನು? ಯಾರಿಗೂ ಹೇಳಲಿಲ್ಲ. ಹಾಲಸಿದ್ದಪ್ಪ ಮುಂಜಾನೆ ಹಾಲ ತಂದ ಕೊಡತಿದ್ದ, ಗುಡಸಲಾ ಸುತ್ತ ಮುಳ್ಳಬೇಲಿ ಹಾಕಿ ಕೊಟ್ಟ, "ಸರಕಾರದಿಂದ ಏನರೆ ಬಂತೇನ ಅತ್ತಿಗೆವ್ವಾ?" ಅಂತಿದ್ದ. "ಬರತೈತಿ" ಅಂತಿದ್ದೆ. ಅವನ ಮಕ್ಕಳು ಓಡಿ ಬಂದು ನನ್ನ ಒಲಿ ಮುಂದ ಕುಂತ ಬಿಸಿ ರೊಟ್ಟಿ ತಿಂತಿದ್ವು. ಸುಖಾ ಅಂದ್ರ ಸುಖಾ ಇತ್ತು ಧರೆಪ್ಪಾ. ಅಂಥಾ ಸುಖಾ ನಾ ಲಗ್ನ ಆದ ಹೊಸದಾಗೂ ಉಂಡಿಲ್ಲ. ಆದ್ರ ಅಂಗಳಾ ಉಡಗುವಾಗ ಭಂಡಾರ ಬಿದ್ದ ಮೂಲಿ ಬಂದ್ರ ಅಷ್ಟ ಬಿಟ್ಟು ಸುತ್ತ ಉಡಗತಿದ್ದೆ. ದೇವರ ಹೆಸರಲೇ ಸುಳ್ಳಿನ ರೊಟ್ಟಿ ತಿನ್ನಾಕತ್ತೇನಿ ಅನಸತಿತ್ತು.

ಎಳ್ಳಮಾಸಿ ದಿನಾ ಹೊಲದಾಗ ಭೂಮಿತಾಯಿಗೆ ಎಡಿ ಹಿಡದು ಚರಗಾ ಚಲ್ಲಿ ಎಲ್ಲಾರೂ ಗುಡಿಗೆ ಬಂದಾಗ ನಾನೂ ಹೋದೆ. ಭಂಡಾರ ಕೈಯಾಗ ಹಿಡದು ಹೇಳಿಬಿಟ್ಟೆ. ನಕಾಶಿ ಸಾಲಿ ಹುಡುಗೂರದು, ಸರಕಾರದ್ದಲ್ಲ, ನನಗ ದೀವಳಿಗಿ ಮೊದಲ ಗೊತ್ತಾಗಿತ್ತು, ಮುಚ್ಚಿ ಇಟ್ಟಿದ್ದೆ ಅಂತ.

ಹಾಲಸಿದ್ದಪ್ಪನ ಮಾರಿ ನೋಡಬೇಕಾಗಿತ್ತು. "ಹಂಗಾರ ನಲವತ್ತ ಮನಿ?" ಅಂದ. "ಇಲ್ಲ" ಅಂದೆ. "ನನ್ನ ಹೆಸರಲೆ ಇದ್ದದ್ದು?" "ಇಲ್ಲಪಾ." "ನಿನ್ನದು?" "ಅದೂ ಇಲ್ಲ." ಆವಾಗ ಅಂವ ಕೂಗ್ಯಾಡಿದ. ಪುಣೆ ತಮ್ಮನ ಕೂಡ ಕೂಡಿ ಆಟಾ ಹೂಡಿದಿ ಅಂದ. ಮೋಸದ ಮ್ಯಾಲ ಬಿದ್ದ ಭಂಡಾರ, ಹೊಳ್ಳಿ ತಗೋರಿ ಅಂತ ಮುದಕಪ್ಪಜ್ಜಗ ಗಂಟಬಿದ್ದ.

ಮುದಕಪ್ಪಜ್ಜ ದೇವರ ಕಡೆ ಹೊಳ್ಳಿ ಕೈ ಮುಗದ. ಅವಗೂ ತಿಳೀಲಿಲ್ಲ ಕಾಣತೈತಿ. ಕಡೀಕ ಅಂದ: "ಕೊಟ್ಟಾಂವಗ ಹೊಳ್ಳಿ ತಗೊಳ್ಳಾಕ ಬರೂದಿಲ್ಲ. ಇಸಗೊಂಡಾಕಿ ತಾನ ಒಲ್ಲೆ ಅಂದು, ಆ ಮಣ್ಣ ಒಂದ ಮುಷ್ಟಿ ತಂದು ದೇವರ ಮುಂದ ಹಾಕಿದ್ರ ಅಷ್ಟ ಬಿಡುಗಡಿ."

ಎಲ್ಲಾರೂ ನನ್ನ ಕಡೆ ನೋಡಿದ್ರು. ಸಿದ್ದಕ್ಕ ಒಲ್ಲೆ ಅಂತಾಳ ಅಂತ ಎಲ್ಲಾರಿಗೂ ಖಾತ್ರಿ. ನನಗೂ ಖಾತ್ರಿ ಇತ್ತು, ಅದಕ್ಕ ಬಂದಿದ್ದೆ. ಹುಟ್ಟಿದಾಗಿಂದ ನಾ ಅದನ್ನ ಅನಕೋತ ಬಂದೇನಿ. ಅವ್ವ ತನ್ನ ಬಂಗಾರ ಕೊಡತೇನಿ ಅಂದಾಗ ಒಲ್ಲೆ, ಧರೆಪ್ಪನ ಸಾಲಿಗಿರಲಿ ಅಂದೆ. ಗಂಡ ಹೋದ ಮ್ಯಾಲ ಉಡಿಕಿ ಮಾಡಿ ಇನ್ನೊಬ್ಬಗ ಕೊಡತೇವಿ ಅಂದಾಗ ಒಲ್ಲೆ ಅಂದೆ. ರೊಟ್ಟಿ ಬೇಕೇನು ಅಂತ ಸಾತವ್ವ ಮಾರಿ ತಿರಿವಿ ಕೇಳಿದಾಗ ದಿನಾ ಒಲ್ಲೆ ಅಂದೇನಿ.

ಬಾಯಿ ತಗದೆ. ಒಲ್ಲೆ ಅನ್ನೂದ ಬರಲಿಲ್ಲ ಧರೆಪ್ಪಾ. ಮುದಕಪ್ಪಜ್ಜ ಮತ್ತ ಕೇಳಿದ, "ಏನಂತೀ ತಂಗೀ?" ನಾ ಕೈಯಾಗಿನ ಭಂಡಾರ ಹಣಿಗೆ ಹಚ್ಚಿಕೊಂಡೆ, ಕಟ್ಟಿ ಇಳದೆ, ಮರಡಿ ಕಡೆ ನಡದಬಿಟ್ಟೆ. ಎಲ್ಲಾರೂ ನೋಡಕೋತ ನಿಂತ್ರು. ಯಾರೂ ಕರೀಲಿಲ್ಲ.

ಈಗ ಹಾಲಸಿದ್ದಪ್ಪ ಮಾತ ಬಿಟ್ಟಾನ, ಹಾಲೂ ಬಿಟ್ಟಾನ. ಕುರಿ ದಡ್ಡಿ ತಂದು ನನ್ನ ಗುಡಸಲಾ ಬಾಜೂಕ ಹಾಕ್ಯಾನ, ಇಡೀ ದಿನಾ ಬ್ಯಾ ಅಂತಾವ. ಆದ್ರ ಬೇಲಿ ಕಿತ್ತಿಲ್ಲ. ಮೊನ್ನೆ ಸಾತವ್ವ ಬಂದ್ಲು, "ಮೋಸಗಾತಿ" ಅಂದ್ಲು, ಉಡ್ಯಾಗಿಂದ ಶೇಂಗಾ ಹೋಳಿಗಿ ತಗದು ಇಟ್ಲು, ತಾನೂ ಕುಂತ ನನ್ನ ಕೂಡ ತಿಂದ ಹೋದ್ಲು. ಅಕಿ ನನ್ನ ಬೈದ್ಲೋ, ಕರದ್ಲೋ, ನನಗ ಗೊತ್ತಾಗಲಿಲ್ಲ.

ಪುಣೆಗೆ ನಾ ಬರೂದಿಲ್ಲ. ಖರೇನೂ ಹೇಳೇನಿ, ಜಾಗಾನೂ ಬಿಟ್ಟಿಲ್ಲ. ಇದು ತಪ್ಪೋ ಸರಿಯೋ, ಓದಿದಾಂವ ನೀ, ತಿಳಿದಿದ್ರ ಬರಿ. ತಿಳೀದಿದ್ರ ಬರಿಯೂದ ಬಿಟ್ಟು ಬಾ. ಗ್ವಾಡಿ ಏಳಸೂದೈತಿ, ಕಲ್ಲ ಹೊರಾಕ ಒಬ್ಬಾಂವ ಬೇಕು.

ಸಿದ್ದಕ್ಕ